ತೆರಿಗೆ ನಂಬರಿನ ಐದನೆಯ ಅಕ್ಷರ

ಜುಲೈ ತಿಂಗಳು ಹತ್ತಿರ ಬಂದಿತೆಂದರೆ ನಮ್ಮ ಸಂಘದ ಭಾನುವಾರದ ಕೂಟದಲ್ಲಿ ಕಾಫಿಯ ಜೊತೆಗೆ ವರಮಾನ ತೆರಿಗೆಯ ಮಾತೂ ತಪ್ಪದೆ ಬರುತ್ತದೆ. ನಾವು ಬಿ.ಎಸ್ಸಿ.ಯಲ್ಲಿ ಗಣಿತ ಓದಿ, ಹೊಟ್ಟೆಪಾಡಿಗೆ ಕೇಂದ್ರ ಸರ್ಕಾರದ ಕಚೇರಿಯೊಂದರ ಸಂಬಳದ ವಿಭಾಗದಲ್ಲಿ ಗುಮಾಸ್ತರಾಗಿರುವವರು. ಆದುದರಿಂದ ಮಿತ್ರರ ಫಾರಮುಗಳೆಲ್ಲ ಒಮ್ಮೆ ನಮ್ಮ ಕೈಗೆ ಬಂದು ಹೋಗುವುದು ವಾಡಿಕೆ. ಹೀಗೆ ಒಂದು ಸಲ ಮೇಜಿನ ಮೇಲೆ ಮೂರು ಪ್ಯಾನ್ ಕಾರ್ಡುಗಳು ಸೇರಿದವು. ಒಂದು ಹುಬ್ಬಳ್ಳಿ ಕಡೆಯವರದು, ಇನ್ನೊಂದು ಉಡುಪಿ ಕಡೆಯವರದು, ಮೂರನೆಯದು ನಮ್ಮದು. ಹುಬ್ಬಳ್ಳಿಯ ಮಿತ್ರರು ಮೂರನ್ನೂ ಪಕ್ಕಪಕ್ಕ ಇಟ್ಟು, "ನೀವು ಲೆಕ್ಕ ಬಲ್ಲವರು. ಈ ಹತ್ತು ಮನೆಗಳಲ್ಲಿ ನಮ್ಮ ಬಗ್ಗೆ ಏನು ಬರೆದಾರ ಹೇಳ್ರಿ ನೋಡೂಣು" ಎಂದರು. ಆ ಹೊತ್ತಿಗೆ ತೋಚಿದ್ದನ್ನು ಹೇಳಿದೆವು. ಪೂರ್ತಿ ಉತ್ತರ ಇಲ್ಲಿದೆ.

ಮೊದಲು ನಂಬರನ್ನು ಬಿಡಿಸಿ ಓದೋಣ. ಮೊದಲ ಮೂರು ಅಕ್ಷರಗಳಿಗೆ ಅರ್ಥವಿಲ್ಲ. ಎ-ಎ-ಎ ಇಂದ ಝಡ್-ಝಡ್-ಝಡ್ ವರೆಗೆ ಸಾಲಾಗಿ ಹೋಗುವ ಗುಂಪು ಅದು. ನಾಲ್ಕನೆಯದು ಜಾತಿಯನ್ನು ಹೇಳುತ್ತದೆ. ಗಾಬರಿ ಬೇಡ, ತೆರಿಗೆಯವರ ಲೆಕ್ಕದ ಜಾತಿ: ವ್ಯಕ್ತಿಗೆ ಪಿ, ಕಂಪೆನಿಗೆ ಸಿ, ಪಾಲುದಾರಿಕೆಗೆ ಎಫ್, ಹಿಂದೂ ಅವಿಭಕ್ತ ಕುಟುಂಬಕ್ಕೆ ಎಚ್, ಟ್ರಸ್ಟಿಗೆ ಟಿ. ಐದನೆಯದು ವ್ಯಕ್ತಿಯ ಕೊನೆಯ ಹೆಸರಿನ, ಅಂದರೆ ಸರ್‌ನೇಮಿನ, ಮೊದಲಕ್ಷರ. ಆಮೇಲೆ 0001ರಿಂದ 9999ರವರೆಗಿನ ನಾಲ್ಕು ಅಂಕಿ. ಹತ್ತನೆಯದು ತಾಳೆಯ ಅಕ್ಷರ, ಮುಂದಿನ ಒಂಬತ್ತರಿಂದ ಲೆಕ್ಕ ಹಾಕಿ ಪಡೆದದ್ದು.

ಹೀಗೆ ನೋಡಿದರೆ ಹತ್ತು ಮನೆಗಳಲ್ಲಿ ನಮ್ಮ ಸ್ವಂತದ್ದು ಒಂದೇ, ಐದನೆಯದು. ಕನ್ನಡಿಗರಾದ ನಮಗೆ ತೊಡಕಿರುವುದೂ ಅಲ್ಲಿಯೇ. ಅದಕ್ಕೆ ಬರುವ ಮುನ್ನ ನಂಬರಿನ ಪೂರ್ವಕಥೆಯನ್ನು ಸ್ವಲ್ಪ ನೋಡಬೇಕು.

ಭಾರತದಲ್ಲಿ ವರಮಾನ ತೆರಿಗೆ ಬಂದದ್ದು 1857ರ ದಂಗೆಯ ಖರ್ಚು ತುಂಬಿಕೊಳ್ಳಲಿಕ್ಕೆ. ಇಂಗ್ಲೆಂಡಿನಿಂದ ಬಂದ ಜೇಮ್ಸ್ ವಿಲ್ಸನ್ ಎಂಬ ಹಣಕಾಸಿನ ಪಂಡಿತರು 1860ರಲ್ಲಿ ಇದನ್ನು ತಂದರು. ಆ ವರ್ಷದ ಜುಲೈ 24ರಂದು ಕಾಯ್ದೆಯಾಯಿತು. ಆಗಸ್ಟಿನಲ್ಲಿ ವಿಲ್ಸನ್ ಕಲ್ಕತ್ತೆಯಲ್ಲಿ ತೀರಿಕೊಂಡರು. ತೆರಿಗೆ ಮಾತ್ರ, ನಡುವೆ ನಿಂತು ಮತ್ತೆ ಹುಟ್ಟಿ, 1886, 1918, 1922ರ ಕಾಯ್ದೆಗಳಾಗಿ ಬೆಳೆಯಿತು.

ಇವೆಲ್ಲ ಬ್ರಿಟಿಷ್ ಭಾರತದ ಮಾತು. ಆ ಕಾಲದ ಕನ್ನಡಿಗರು ತೆರಿಗೆಯ ವಿಷಯದಲ್ಲಿಯೂ ಹರಿದು ಹಂಚಿಹೋಗಿದ್ದವರು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೂ ಮದರಾಸಿನ ಕೈಕೆಳಗಿದ್ದ ಮಂಗಳೂರು, ಬಳ್ಳಾರಿ, ಕಾಸರಗೋಡಿನವರಿಗೂ 1922ರ ಕಾಯ್ದೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ 1923ರ ಮೈಸೂರು ವರಮಾನ ತೆರಿಗೆ ಕಾಯ್ದೆ. ಗುಲ್ಬರ್ಗ, ರಾಯಚೂರು, ಬೀದರದವರು ನಿಜಾಮರ ಪ್ರಜೆಗಳು. ಅವರಿಗೆ ಫಸಲಿ 1357ರ, ಅಂದರೆ ನಮ್ಮ ಲೆಕ್ಕದ 1947-48ರ, ಹೈದರಾಬಾದ್ ವರಮಾನ ತೆರಿಗೆ ಕಾಯ್ದೆ. ನಾಣ್ಯವೂ ಬೇರೆ: ನಿಜಾಮರ ಏಳು ಹಾಲಿ ರೂಪಾಯಿ ಬ್ರಿಟಿಷರ ಆರು ರೂಪಾಯಿಗೆ ಸಮ.

1950ರ ಏಪ್ರಿಲ್ 1ರಿಂದ ಸಂಸ್ಥಾನಗಳಿಗೂ ಭಾರತದ ಕಾಯ್ದೆ ಅನ್ವಯವಾಯಿತು. ಕರ್ನಾಟಕದ ಏಕೀಕರಣವಾದದ್ದು 1956ರ ನವೆಂಬರ್ 1ರಂದು. ಎಂದರೆ ಕನ್ನಡಿಗರನ್ನೆಲ್ಲ ಒಂದು ರಾಜ್ಯಕ್ಕೆ ಸೇರಿಸುವುದಕ್ಕೆ ಆರು ವರ್ಷ ಮೊದಲೇ ತೆರಿಗೆಯವರು ಒಂದು ಕಾಯ್ದೆಗೆ ಸೇರಿಸಿಬಿಟ್ಟಿದ್ದರು! ರಾಜ್ಯೋತ್ಸವದ ಭಾಷಣಗಳಲ್ಲಿ ಈ ಸಂಗತಿಯನ್ನು ಯಾರೂ ಎತ್ತುವುದಿಲ್ಲ.

ಕಾಯ್ದೆ ಒಂದಾದರೂ ನಂಬರು ಒಂದಾಗಲಿಲ್ಲ. ತೆರಿಗೆ ಅಧಿಕಾರಿಯ ಕಚೇರಿಯಲ್ಲಿ ಒಂದು ದಪ್ಪ ವಹಿ. ಅದರ ಹೆಸರು ಜನರಲ್ ಇಂಡೆಕ್ಸ್ ರಿಜಿಸ್ಟರ್. ಹೊಸ ತೆರಿಗೆದಾರ ಬಂದರೆ ಅದರಲ್ಲಿ ಬರೆದುಕೊಂಡು ನಂಬರು ಕೊಡುವರು. ಇದೇ ಜಿ.ಐ.ಆರ್. ನಂಬರು. ನಮ್ಮ ತಂದೆಯವರು ತುಮಕೂರು ಜಿಲ್ಲೆಯ ತುರುವೇಕೆರೆಯಿಂದ ಬಂದು, ಮೊದಲು ಹುಬ್ಬಳ್ಳಿಯಲ್ಲಿ ನೌಕರಿ ಮಾಡಿ, ಆಮೇಲೆ ವರ್ಗವಾಗಿ ಸಿಕಂದರಾಬಾದಿಗೆ ಬಂದವರು. ಅವರ ಟ್ರಂಕಿನಲ್ಲಿ ಹಳೆಯ ರಿಟರ್ನುಗಳ ಕಾರ್ಬನ್ ಪ್ರತಿಗಳು ಇನ್ನೂ ಇವೆ. ಹುಬ್ಬಳ್ಳಿಯ ಪ್ರತಿಯ ತಲೆಯ ಮೇಲೆ ಒಂದು ಅಕ್ಷರ, ಅಡ್ಡಗೆರೆ, ಮೂರು ಅಂಕಿ. ಇಲ್ಲಿಗೆ ಬಂದ ಮೇಲಿನ ಪ್ರತಿಯಲ್ಲಿ ಬೇರೆ ಅಂಕಿ, ಬೇರೆ ವಾರ್ಡು. ಮನುಷ್ಯ ಒಬ್ಬರೇ, ಸಹಿಯೂ ಅದೇ ಸೊಟ್ಟ ಸಹಿ. ಜಿ.ಐ.ಆರ್. ನಂಬರು ಆ ವಾರ್ಡಿನ ಅಧಿಕಾರಿಯ ವಹಿಯೊಳಗೆ ಮಾತ್ರ ಚಲಾವಣೆ. ಪಕ್ಕದ ವಾರ್ಡಿನಲ್ಲಿ ಅದೇ ನಂಬರು ಇನ್ನೊಬ್ಬರಿಗೆ ಇದ್ದೀತು. ಊರು ಬಿಟ್ಟವನಿಗೆ ನಂಬರೂ ಬಿಟ್ಟುಹೋಗುತ್ತಿತ್ತು.

ವರ್ಗದ ಮೇಲೆ ವರ್ಗವಾಗುವ ನಮ್ಮಂಥವರಿಗೆ ಇದು ಕೇವಲ ರೇಜಿಗೆ. ಆದರೆ ಬೇಕೆಂದೇ ಮೂರು ಊರುಗಳಲ್ಲಿ ಮೂರು ಫೈಲು ಇಟ್ಟುಕೊಳ್ಳುವ ಧನಿಕನಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆಗಿನ ತೆರಿಗೆಯ ದರ ಕೇಳಿದರೆ ಇಂದಿನವರು ನಂಬಲಾರರು: 1973-74ರಲ್ಲಿ ಅತ್ಯಂತ ಮೇಲಿನ ಹಂತಕ್ಕೆ, ಸರ್‌ಚಾರ್ಜು ಸೇರಿ, ನೂರಕ್ಕೆ 97.75. ಕಪ್ಪುಹಣದ ಬಗ್ಗೆ ನ್ಯಾಯಮೂರ್ತಿ ವಾಂಛೂ ಸಮಿತಿ 1971ರ ಕೊನೆಯಲ್ಲಿ ವರದಿ ಕೊಟ್ಟಿತ್ತು. ಆ ವಾತಾವರಣದಲ್ಲಿ, 1972ರಲ್ಲಿ, ಪರ್ಮನೆಂಟ್ ಅಕೌಂಟ್ ನಂಬರ್, ಅಂದರೆ ಖಾಯಂ ಖಾತೆ ಸಂಖ್ಯೆ, ಆರಂಭವಾಯಿತು. 1975ರ ತಿದ್ದುಪಡಿಯಿಂದ 1961ರ ಕಾಯ್ದೆಗೆ 139-ಎ ಎಂಬ ಕಲಮು ಸೇರಿ, 1976ರ ಏಪ್ರಿಲ್ 1ರಿಂದ ಅದು ಕಾನೂನಾಯಿತು.

ಖಾಯಂ ಎಂದು ಹೆಸರೇನೋ ಇಟ್ಟರು. ಆದರೆ ಹಂಚಿದ್ದು ಹಳೆಯ ರೀತಿಯಲ್ಲೇ: ಒಂದೊಂದು ವಾರ್ಡಿಗೆ ಇಷ್ಟಿಷ್ಟು ನಂಬರುಗಳೆಂದು ಕಟ್ಟು ಕೊಟ್ಟು, ಕೈಬರಹದಿಂದ. ಹಿಂದೆ ಒಂದು ದೊಡ್ಡ ಕೋಶವಿಲ್ಲ. ಈ ಹೆಸರಿನವರಿಗೆ ಈಗಾಗಲೇ ನಂಬರು ಉಂಟೇ ಎಂದು ನೋಡುವ ಬಗೆಯಿಲ್ಲ. ಒಬ್ಬರಿಗೇ ಎರಡು ಮೂರು ಖಾಯಂ ನಂಬರುಗಳಾದವು. ಬಹಳ ವರ್ಷ ಫಾರಮುಗಳಲ್ಲಿ "ಪ್ಯಾನ್/ಜಿ.ಐ.ಆರ್. ನಂಬರು" ಎಂದು ಎರಡನ್ನೂ ಒಂದೇ ಅಂಕಣದಲ್ಲಿ ಅಚ್ಚು ಹಾಕುತ್ತಿದ್ದರು; ಯಾವುದಾದರೂ ಒಂದು ಬರೆಯಿರಿ ಮಾರಾಯರೆ ಎಂಬಂತೆ. ಕೊನೆಗೆ 1995ರಲ್ಲಿ ಆ ಮಾಲೆಯನ್ನೇ ಕೈಬಿಟ್ಟು, ಜುಲೈ 1ರಿಂದ ಇಂದಿನ ಹತ್ತು ಮನೆಯ ಹೊಸ ಮಾಲೆಗೆ ಕಾನೂನು ಮಾಡಿದರು.

ಈ ಹೊಸ ನಂಬರಿನಲ್ಲಿ ಊರಿಲ್ಲ, ವಾರ್ಡಿಲ್ಲ. ಸಿಕಂದರಾಬಾದಿನಲ್ಲಿ ಪಡೆದದ್ದು ಶಿಲ್ಲಾಂಗಿನಲ್ಲೂ ಅದೇ. ಹೋಲಿಕೆಗೆ ಫಾರಂ 16ರಲ್ಲಿ ಕಾಣುವ ಇನ್ನೊಂದು ನಂಬರನ್ನು ನೋಡಿ. ಸಂಬಳ ಕೊಡುವಾಗ ತೆರಿಗೆ ಮುರಿದುಕೊಳ್ಳುವ ಕಚೇರಿಗೆ ಟ್ಯಾನ್ ಎಂಬ ಹತ್ತು ಮನೆಯ ನಂಬರಿದೆ: ನಾಲ್ಕು ಅಕ್ಷರ, ಐದು ಅಂಕಿ, ಒಂದು ಅಕ್ಷರ. ನಮ್ಮ ಊರಿನ ಕಚೇರಿಗಳದು ಎಚ್-ವೈ-ಡಿ ಎಂದು ಆರಂಭ, ಬೆಂಗಳೂರಿನವು ಬಿ-ಎಲ್-ಆರ್ ಎಂದು. ಸಂಬಳ ಕೊಡುವವನ ನಂಬರಿನಲ್ಲಿ ಊರು ಉಳಿಯಿತು, ದುಡಿಯುವವನ ನಂಬರಿನಿಂದ ಹೋಯಿತು. ಅಮೆರಿಕಕ್ಕೆ ಹೋದ ನಮ್ಮ ಮಕ್ಕಳ ಸೋಷಿಯಲ್ ಸೆಕ್ಯೂರಿಟಿ ನಂಬರಿನಲ್ಲಿಯೂ ಮೊದಲ ಮೂರು ಅಂಕಿ ಪ್ರದೇಶವನ್ನು ಹೇಳುತ್ತಿದ್ದವು. 2011ರಿಂದ ಅಲ್ಲಿಯೂ ಅದನ್ನು ಬಿಟ್ಟರು. ಆ ನಂಬರು 1936ರಲ್ಲಿ ಪಿಂಚಣಿಗೆಂದು ಹುಟ್ಟಿದ್ದು. 1946ರಿಂದ 1972ರವರೆಗೆ ಆ ಕಾರ್ಡಿನ ಮೇಲೆ, ಇದು ಗುರುತಿಗಾಗಿ ಅಲ್ಲ ಎಂದು ಅಚ್ಚು ಹಾಕುತ್ತಿದ್ದರಂತೆ. ಅಷ್ಟರಲ್ಲಿ, 1960ರ ದಶಕದ ಮೊದಲಲ್ಲೇ, ತೆರಿಗೆಯವರು ಅದನ್ನು ಎತ್ತಿಕೊಂಡಾಗಿತ್ತು.

ತಾಳೆಯ ಅಕ್ಷರದ ಬಗ್ಗೆಯೂ ಒಂದೆರಡು ಮಾತು, ಗಣಿತದವರ ಚಪಲ. ನಮ್ಮ ಹಿರಿಯರು ಲೆಕ್ಕದ ತಾಳೆಗೆ ಅಂಕಿಗಳನ್ನು ಕೂಡಿ ಒಂಬತ್ತನ್ನು ಬಿಡುತ್ತಿದ್ದರು. 4736 ಎಂದರೆ ಮೊತ್ತ 20, ಉಳಿಕೆ 2. ಒಂದಂಕಿ ತಪ್ಪಿ 4746 ಎಂದು ಬರೆದರೆ ಉಳಿಕೆ 3 ಬಂದು ಸಿಕ್ಕಿಬೀಳುತ್ತದೆ. ಆದರೆ ಅಂಕಿಗಳು ಅದಲುಬದಲಾಗಿ 4376 ಎಂದಾದರೆ? ಮೊತ್ತ ಮತ್ತೆ 20. ತಪ್ಪು ಪಾರು! ಗುಮಾಸ್ತರು ಆಗಾಗ ಮಾಡುವ ತಪ್ಪುಗಳಲ್ಲಿ ಈ ಅದಲುಬದಲೂ ಒಂದು. ಅಕ್ಕಪಕ್ಕದ ಅಂಕಿಗಳ ಇಂಥ ಅದಲುಬದಲನ್ನೂ ಒಂಟಿ ತಪ್ಪನ್ನೂ ಒಂದನ್ನೂ ಬಿಡದೆ ಹಿಡಿಯುವ ಕ್ರಮವನ್ನು ವೆರ್ಹೂಫ್ ಎಂಬ ಡಚ್ ಗಣಿತಜ್ಞರು 1969ರಲ್ಲಿ ಕೊಟ್ಟರು. ಆಧಾರಿನ ಹನ್ನೆರಡನೆಯ ಅಂಕಿ ಆ ಕ್ರಮದ್ದು. ಪ್ಯಾನಿನ ಹತ್ತನೆಯ ಅಕ್ಷರವೂ ಇಂಥ ಕಾವಲಿನದೇ.

ಇಷ್ಟು ನಂಬರು ಸಾಕಾದೀತೇ ಎಂದು ಕೇಳಿದವರುಂಟು. ಮೊದಲ ಮೂರು ಅಕ್ಷರ 17,576 ಬಗೆ; ಪ್ರತಿಯೊಂದಕ್ಕೂ 9,999 ಅಂಕಿ. ಗುಣಿಸಿದರೆ 17 ಕೋಟಿ 57 ಲಕ್ಷ 42 ಸಾವಿರದ 424. ಕೊನೆಯ ಹೆಸರು ಎಂ ಅಕ್ಷರದ್ದಾದ ವ್ಯಕ್ತಿಗಳಿಗೇ ಇಷ್ಟು, ಎನ್‌ನವರಿಗೆ ಮತ್ತೆ ಇಷ್ಟು. ಸಾಕು.

ಈಗ ಐದನೆಯ ಅಕ್ಷರಕ್ಕೆ ಬರೋಣ. ಆ ದಿನ ಮೇಜಿನ ಮೇಲಿದ್ದ ಮೂರು ಕಾರ್ಡುಗಳಲ್ಲಿ ಹುಬ್ಬಳ್ಳಿಯವರದು ನಿರಾಯಾಸ. ಅವರ ತಂದೆಯವರು ರೈಲ್ವೆಯವರು. 1966ರಲ್ಲಿ ಸಿಕಂದರಾಬಾದಿನಲ್ಲಿ ದಕ್ಷಿಣ ಮಧ್ಯ ರೈಲ್ವೆ ಆರಂಭವಾದಾಗ ಹುಬ್ಬಳ್ಳಿ ವಿಭಾಗವೂ ಇದಕ್ಕೆ ಸೇರಿತ್ತು. 2003ರಲ್ಲಿ ಹುಬ್ಬಳ್ಳಿಗೇ ಬೇರೆ ವಲಯವಾಗುವ ತನಕ ಆ ಕಡೆಯ ಎಷ್ಟೋ ಕುಟುಂಬಗಳು ರೈಲ್ ನಿಲಯದ ದಾರಿ ಹಿಡಿದು ಇಲ್ಲಿಗೆ ಬಂದವು. ಧಾರವಾಡ, ಬೆಳಗಾವಿ ಕಡೆಯವರಿಗೆ ಅಡ್ಡಹೆಸರು ಇದೆ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಫಾರಮಿನ ಮೂರು ಮನೆಗಳಿಗೆ ಅಳತೆ ತೆಗೆದು ಹೊಲಿಸಿದಂತೆ. ಉಡುಪಿಯ ಮಿತ್ರರಿಗೆ ಶೆಟ್ಟಿ, ಭಟ್, ರೈ ಎಂಬಂಥ ಕುಲನಾಮ ಕೊನೆಗಿದೆ. ನೆರೆಯ ತೆಲುಗರಿಗೆ ಇಂಟಿಪೇರು ಉಂಟು. ಮೊದಲಿಗೆ ಬರೆದರೂ ಅದು ಮನೆತನದ ಹೆಸರೆಂಬುದರಲ್ಲಿ ಅವರಿಗೆ ಸಂದೇಹವಿಲ್ಲ.

ನಮ್ಮಂಥ ಹಳೆಯ ಮೈಸೂರಿನವರಿಗೆ? ಎರಡು ಇನಿಷಿಯಲ್ಲು, ಒಂದು ಹೆಸರು. ನಮ್ಮದು ಟಿ.ಎನ್. ಟಿ ಎಂದರೆ ತುರುವೇಕೆರೆ, ಎನ್ ಎಂದರೆ ತಂದೆಯವರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇಷ್ಟೇ. ಪ್ಯಾನ್ ಅರ್ಜಿಯೆಂದು ನಮಗೆಲ್ಲ ಪರಿಚಯವಾದ 49-ಎ ಫಾರಮಿನಲ್ಲಿ ಇನಿಷಿಯಲ್ ಬರೆಯಕೂಡದು, ಬಿಡಿಸಿ ಬರೆಯಬೇಕು ಎಂದು ಸೂಚನೆ. ಕೊನೆಯ ಹೆಸರು ಕಡ್ಡಾಯ, ಉಳಿದವು ಇದ್ದರೆ ಉಂಟು. ಕಾರ್ಡಿನ ಮೇಲೆ ಮೊದಲ ಹೆಸರು, ನಡುವಿನ ಹೆಸರನ್ನು ಚಿಕ್ಕದಾಗಿಸಬಹುದು. ಕೊನೆಯದನ್ನು ಪೂರ್ತಿ ಅಚ್ಚು ಹಾಕಬೇಕು. ಊರನ್ನು ಬರೆಯುವುದೋ, ತಂದೆಯನ್ನೋ, ತನ್ನನ್ನೋ? ಒಬ್ಬೊಬ್ಬರು ಒಂದೊಂದು ಬರೆದರು. ನಮ್ಮ ಅಣ್ಣನವರು ಊರಿನ ಹೆಸರನ್ನು ಕೊನೆಗೆ ಹಾಕಿದರು: ಐದನೆಯ ಅಕ್ಷರ ಟಿ. ನಾವು ತಂದೆಯ ಹೆಸರನ್ನು ಹಾಕಿದೆವು: ಎನ್. ತಂಗಿ ತನ್ನ ಹೆಸರನ್ನೇ ಕೊನೆಗೆ ಬರೆದಳು: ವಿ. ಒಂದೇ ತಾಯಿಯ ಮಕ್ಕಳು, ಮೂರು ಅಕ್ಷರ. ಇದನ್ನು ತಪ್ಪೆನ್ನಲು ಯಾವ ಅಧಿಕಾರಿಗೂ ಸಾಧ್ಯವಿಲ್ಲ, ಏಕೆಂದರೆ ಮೂರೂ ನಿಜ.

ತಂಗಿಯ ವಿಷಯದಲ್ಲಿ ಇನ್ನೊಂದು ಸಂಗತಿ. ಮದುವೆಯಾಗಿ ಹೆಸರು ಬದಲಾದರೆ ಕಾರ್ಡಿನ ಹೆಸರನ್ನು ತಿದ್ದಿಸಬಹುದು, ನಂಬರು ಬದಲಾಗದು. ತವರಿನಲ್ಲಿ ಬಂದ ಐದನೆಯ ಅಕ್ಷರ ಹಾಗೆಯೇ ಉಳಿಯುತ್ತದೆ. ಜೊತೆಗೆ ಕಾರ್ಡಿನ ಮೇಲೆ ಸಾಮಾನ್ಯವಾಗಿ ಅಚ್ಚಾಗುವುದು ತಂದೆಯ ಹೆಸರು, ವಿವಾಹಿತೆಯರಿಗೂ ಗಂಡನದಲ್ಲ. 2018ರ ಡಿಸೆಂಬರ್ 5ರಿಂದ, ತಾಯಿಯೊಬ್ಬಳೇ ಬೆಳೆಸಿದ ಮಕ್ಕಳು ತಾಯಿಯ ಹೆಸರನ್ನು ಮಾತ್ರ ಕೊಟ್ಟರೂ ಸಾಕೆಂದು ನಿಯಮ ಬದಲಾಯಿತು. ನಮ್ಮ ಅಮ್ಮನ ಕಾರ್ಡು ಬಂದಾಗ ಅದರಲ್ಲಿ ಅವರ ತಂದೆಯ ಹೆಸರಿತ್ತು, ಎಂದೋ ತೀರಿಹೋದ ನಮ್ಮ ತಾತನದು. "ಇವರನ್ನು ಎಲ್ಲಿ ಹುಡುಕಿದರೋ!" ಎಂದು ಅಮ್ಮ ಕಾರ್ಡನ್ನು ದೇವರ ಮನೆಯಲ್ಲಿಟ್ಟರು.

ಇಷ್ಟಕ್ಕೇ ನಿಂತಿದ್ದರೆ ಇದೊಂದು ವಿನೋದದ ಲೇಖನವಾಗುತ್ತಿತ್ತು. 1998ರಿಂದ ಬ್ಯಾಂಕು ಖಾತೆ, ಐವತ್ತು ಸಾವಿರಕ್ಕೆ ಮೇಲಿನ ಠೇವಣಿ, ವಾಹನ, ಟೆಲಿಫೋನು ಎಲ್ಲಕ್ಕೂ ಪ್ಯಾನ್ ಕೇಳುವಂತಾಯಿತು. 2010ರ ಏಪ್ರಿಲಿನಿಂದ, ಪ್ಯಾನ್ ಕೊಡದವರಿಗೆ ಮೂಲದಲ್ಲೇ ನೂರಕ್ಕೆ ಇಪ್ಪತ್ತು ಮುರಿಯುವ ನಿಯಮ ಬಂತು. ಆ ಹೊತ್ತಿಗೆ ಆಧಾರ್ ಹುಟ್ಟಿತ್ತು. 2017ರ ಜುಲೈ 1ರಿಂದ ಆಧಾರನ್ನೂ ಪ್ಯಾನನ್ನೂ ಜೋಡಿಸಬೇಕೆಂದು 139-ಎಎ ಕಲಮು ಬಂದಿತು.

ಆಧಾರಿನ ಕಥೆಯಲ್ಲಿ ಎರಡು ಕಡೆಯೂ ಬೆಂಗಳೂರಿನವರೇ. ಪ್ರಾಧಿಕಾರವನ್ನು 2009ರಿಂದ ಕಟ್ಟಿದವರು ನಂದನ್ ನಿಲೇಕಣಿಯವರು. 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಆಗಸ್ಟ್ 24ರ ತೀರ್ಪು ಅವರ ಮೊಕದ್ದಮೆಯದೇ. 2018ರ ಸೆಪ್ಟೆಂಬರ್ 26ರಂದು ಬ್ಯಾಂಕು ಖಾತೆಗೂ ಮೊಬೈಲಿಗೂ ಆಧಾರ್ ಜೋಡಿಸಬೇಕೆಂಬುದನ್ನು ಕೋರ್ಟು ತಳ್ಳಿಹಾಕಿತು, ಪ್ಯಾನಿನ ಜೋಡಣೆಯನ್ನು ಎತ್ತಿಹಿಡಿಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಕಾನೂನಿನ ಪುಸ್ತಕಗಳಲ್ಲಿ ಅವರ ಹೆಸರು ಎರಡು ಇನಿಷಿಯಲ್ಲಿನೊಡನೆ ಶಾಶ್ವತವಾಗಿದೆ. 49-ಎ ಫಾರಂ ಮಾತ್ರ ಅದನ್ನು ಹಾಗೆ ಒಪ್ಪುತ್ತಿರಲಿಲ್ಲ.

ಜೋಡಣೆಯ ಗಡುವು ಮುಂದೆ ಮುಂದೆ ಹೋಗಿ 2023ರ ಜೂನ್ 30ಕ್ಕೆ ನಿಂತಿತು. ತಡಮಾಡಿದವರಿಗೆ ಸಾವಿರ ರೂಪಾಯಿ. ಜುಲೈ 1ರಿಂದ ಜೋಡಿಸದ ಪ್ಯಾನ್ ನಿಷ್ಕ್ರಿಯ. ಎಂಬತ್ತು ದಾಟಿದವರಿಗೆ ವಿನಾಯಿತಿ ಇತ್ತು. ನಮ್ಮ ಅಮ್ಮನಿಗೆ ಆಗ ಎಪ್ಪತ್ತೆರಡು. ಅವರ ಪ್ಯಾನಿನಲ್ಲಿ ಹೆಸರಿನ ಮುಂದೆ ಗಂಡನ ಹೆಸರು ಬಿಡಿಸಿ ಬರೆದಿದೆ. ಆಧಾರಿನಲ್ಲಿ ಬರೀ ಅವರ ಹೆಸರು. ಗಡುವಿಗೆ ಒಂದು ವಾರವಿರುವಾಗ ಜೋಡಿಸಹೋದರೆ, ಹೆಸರು ತಾಳೆಯಾಗುತ್ತಿಲ್ಲ ಎಂಬ ಉತ್ತರ. ಸಂಘದ ಅರ್ಧ ಜನರ ಫಾರಂ ತುಂಬಿಕೊಟ್ಟ ನಾವು ಮನೆಯ ಹಿರಿಯರದನ್ನು ಕೊನೆಗೆ ಉಳಿಸಿಕೊಂಡಿದ್ದೆವು. ತಂದೆಯವರು ಬಿಟ್ಟುಹೋದ ಠೇವಣಿಯ ಬಡ್ಡಿಯೇ ಅಮ್ಮನ ಕೈಖರ್ಚು. ತೆರಿಗೆಯ ಮಿತಿಗೆ ಬಾರದ ವರಮಾನವೆಂದು ವರ್ಷಾ ವರ್ಷ ಕೊಡುವ 15-ಎಚ್ ಫಾರಂ, ಪ್ಯಾನ್ ನಿಷ್ಕ್ರಿಯವಾದ ಕೂಡಲೆ ಕೆಲಸಕ್ಕೆ ಬಾರದಾಯಿತು. ಆ ತ್ರೈಮಾಸಿಕದ ಬಡ್ಡಿಯಲ್ಲಿ ಐದರಲ್ಲೊಂದು ಪಾಲು ಮುರಿದು ಬಂದಿತು. ಅಮ್ಮ ಪಾಸ್‌ಬುಕ್ ನೋಡಿ, "ನಿಮ್ಮಪ್ಪ ಇಟ್ಟ ಲೆಕ್ಕದಲ್ಲಿ ಏನಾದರೂ ತಪ್ಪಿತ್ತೇನೋ?" ಎಂದು ಕೇಳಿದರು. ಅಂದು ನಮಗೆ ಊಟ ಸೇರಲಿಲ್ಲ. ತಪ್ಪು ತಂದೆಯವರದಲ್ಲವೆಂದು ಅವರಿಗೆ ಮನವರಿಕೆ ಮಾಡಿಕೊಡಲು ಬಹಳ ಹೊತ್ತು ಹಿಡಿಯಿತು. ಆಧಾರಿನ ಹೆಸರನ್ನು ತಿದ್ದಿಸಿ, ಸಾವಿರ ರೂಪಾಯಿ ಕಟ್ಟಿ, ಜೋಡಣೆಯಾಗಿ, ಪ್ಯಾನ್ ಮತ್ತೆ ಜೀವ ತಳೆಯುವ ಹೊತ್ತಿಗೆ ನವರಾತ್ರಿ. ಮುರಿದ ಹಣ ಮರುವರ್ಷದ ರಿಟರ್ನಿನಲ್ಲಿ ವಾಪಸು ಬಂದಿತು.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 1,435 ಕೋಟಿ ರೂಪಾಯಿಯ ಪ್ಯಾನ್ 2.0 ಯೋಜನೆಗೆ ಒಪ್ಪಿಗೆ ಕೊಟ್ಟಿದೆ. 1961ರ ಕಾಯ್ದೆಯ ಜಾಗಕ್ಕೆ, 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ, 2025ರ ಕಾಯ್ದೆಯಾಗಿದೆ. ಖಾಯಂ ನಂಬರು ಅದರಲ್ಲಿಯೂ ಉಂಟು. 2025ರ ಜುಲೈನಿಂದ ಹೊಸ ಪ್ಯಾನ್ ಬೇಕಾದವರಿಗೆ ಆಧಾರ್ ಕಡ್ಡಾಯ. ಆದುದರಿಂದ ಕೊನೆಯ ಹೆಸರು ಯಾವುದೆಂಬ ಪ್ರಶ್ನೆಯನ್ನು ಮಕ್ಕಳ ಆಧಾರಿನಲ್ಲೇ ಬಗೆಹರಿಸಿಕೊಳ್ಳುವುದು ಲೇಸು.

ನಮ್ಮ ಮಗಳಿಗೆ ಹದಿನೆಂಟು ತುಂಬಿತು. ಅಮ್ಮನ ಪ್ರಕರಣವಾದ ಮೇಲೆ ಅವಳ ಆಧಾರನ್ನು ಬಿಡಿಸಿ ಬರೆಸಲು ಕುಳಿತಾಗ ಮನೆಯಲ್ಲಿ ಚರ್ಚೆಯಾಗಿತ್ತು. ನಮ್ಮ ಹೆಸರನ್ನು ಕೊನೆಗೆ ಹಾಕೋಣವೆಂದು ನಾವು, ಅವಳ ಹೆಸರೇ ಕೊನೆಗಿರಲೆಂದು ಮನೆಯವರು. ಅಮ್ಮ, "ಹಾಗಾದರೆ ಊರು ಎಲ್ಲಿ ಬರುತ್ತೆ?" ಎಂದರು. ಮಗಳು ಹುಟ್ಟಿ ಬೆಳೆದದ್ದೆಲ್ಲ ಸಿಕಂದರಾಬಾದಿನಲ್ಲಿ. ತುರುವೇಕೆರೆಯನ್ನು ಎರಡು ಸಲ ನೋಡಿದ್ದಾಳೆ, ಅದರಲ್ಲಿ ಒಂದು ಸಲ ಬಸ್ಸಿನ ಕಿಟಕಿಯಿಂದ. ಅವಳೇ, "ಅಜ್ಜಿ ಹೇಳಿದ ಹಾಗೆ ಬರೆಯಿರಿ" ಎಂದಳು.

ಹೋದ ತಿಂಗಳು ಕಾರ್ಡು ಬಂದಿತು. ಐದನೆಯ ಅಕ್ಷರ ಟಿ. ಅಮ್ಮನಿಗೆ ತೋರಿಸಿ, ಬೆರಳಿಟ್ಟು, ಇದೇ ತುರುವೇಕೆರೆ ಎಂದೆವು. ಅವರು ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿ, "ಇಷ್ಟೇನಾ?" ಎಂದರು.